ಡೈಸಿ ಬೀಜ ಎರಡು ಸಲ ಕೈಕೊಟ್ಟಿತು, ಮೂರನೇ ಸಲ ಹಾಕಬಹುದಾ?

ಬೆಂಗಳೂರಿನ ಓದುಗರೊಬ್ಬರು ಬರೆದಿದ್ದಾರೆ:

"ನಮಸ್ಕಾರ ಸರ್. ಮೈಸೂರಿನ ನಮ್ಮ ಚಿಕ್ಕಮ್ಮನ ಮನೆ ಮುಂದೆ ಒಂದು ಜನವರಿಯಲ್ಲಿ ಕಿತ್ತಳೆ ಬಣ್ಣದ ಡೈಸಿ ನೋಡಿದೆ. ಅಂಥದ್ದೇ ಬೇಕು ಅಂತ 'ಆಫ್ರಿಕನ್ ಡೈಸಿ ಮಿಕ್ಸ್' ಅನ್ನೋ ಪ್ಯಾಕೆಟ್ ತರಿಸಿದೆ. ವಸಂತದಲ್ಲಿ ಬಿತ್ತಿ ಅಂತ ಬರೆದಿತ್ತು. ಹೋದ ವರ್ಷ ಯುಗಾದಿ ಕಳೆದ ಮೇಲೆ ಹಾಕಿದೆ. ನಾಲ್ಕೋ ಐದೋ ಮೊಳೆತವು, ಅವೂ ಒಣಗಿದವು. ಈ ವರ್ಷ ಹೊಸ ಪ್ಯಾಕೆಟ್ ತಂದು ಜೂನ್ ಮೊದಲ ವಾರ, ಮಳೆ ಶುರುವಾದ ಮೇಲೆ ಹಾಕಿದೆ. ಚೆನ್ನಾಗಿ ಹುಟ್ಟಿದವು. ಎಂಟನೇ ದಿನ ಬೆಳಿಗ್ಗೆ ನೋಡಿದರೆ ಅರ್ಧಕ್ಕರ್ಧ ಸಸಿ ಮಲಗಿಬಿಟ್ಟಿದ್ದವು. ಕೊನೆಗೆ ಉಳಿದ ಆರು ಗಿಡ ಉದ್ದುದ್ದ ಬೆಳೆದು, ಈಗ ಆಗಸ್ಟ್‌ನಲ್ಲಿ ಮೊಗ್ಗು ಬಿಟ್ಟಿವೆ. ಆದರೆ ಹೂ ಮುಚ್ಚಿಕೊಂಡೇ ಇರುತ್ತವೆ. ಪ್ಯಾಕೆಟ್‌ನಲ್ಲಿ ಎರಡು ಥರದ ಬೀಜ ಇತ್ತು, ಕಲಬೆರಕೆ ಇರಬಹುದಾ? ನಮ್ಮದು ದಕ್ಷಿಣಕ್ಕಿರುವ ಬಾಲ್ಕನಿ, ಬಿಸಿಲು ಕಡಿಮೆ. ಕೆಳಗೆ ಗೇಟಿನಿಂದ ಮೆಟ್ಟಿಲಿನ ತನಕ ಹತ್ತಡಿ ಉದ್ದದ ಮಣ್ಣಿನ ಪಟ್ಟಿಯೂ ಇದೆ. ನನ್ನ ಕೈಗುಣವೇ ಸರಿಯಿಲ್ವಾ, ಅಥವಾ ಇದು ನಮ್ಮೂರಿಗೆ ಆಗುವ ಗಿಡವೇ ಅಲ್ವಾ? ಉಳಿದ ಬೀಜ ಎಸೆದುಬಿಡಲಾ?"

ಎಸೆಯಬೇಡಿ. ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನೀವು ಮಾಡಿದ ಕೆಲಸದಲ್ಲಿ ದೊಡ್ಡ ತಪ್ಪೇನೂ ಕಾಣಲಿಲ್ಲ. ತಪ್ಪಿರುವುದು ತಿಂಗಳಿನಲ್ಲಿ. ಅದರ ಸುಳಿವೂ ನಿಮ್ಮ ಪತ್ರದಲ್ಲೇ ಇದೆ: ಚಿಕ್ಕಮ್ಮನ ಮನೆಯಲ್ಲಿ ನೀವು ಹೂ ನೋಡಿದ್ದು ಜನವರಿಯಲ್ಲಿ. ಜನವರಿಯಲ್ಲಿ ಹೂ ಬರಬೇಕಾದರೆ ಅವರು ಬೀಜ ಹಾಕಿದ್ದು ಅಕ್ಟೋಬರ್‌ನಲ್ಲೋ ನವೆಂಬರ್ ಶುರುವಿನಲ್ಲೋ ಇರಬೇಕು.

ಮೊದಲು ಕಲಬೆರಕೆಯ ಅನುಮಾನ ಬಗೆಹರಿಸೋಣ. ಉಳಿದ ಬೀಜವನ್ನು ಒಂದು ಬಿಳಿ ಕಾಗದದ ಮೇಲೆ ಸುರಿದು ನೋಡಿ. ಒಂದು ಜಾತಿ ಚಪ್ಪಟೆ, ತೆಳು, ಸುತ್ತ ಕಾಗದದಂಥ ರೆಕ್ಕೆ. ಉಫ್ ಅಂದರೆ ಹಾರಿಹೋಗುತ್ತದೆ. ಇನ್ನೊಂದು ಪುಟ್ಟ ಕಡ್ಡಿಯ ಹಾಗೆ, ಮೈಯೆಲ್ಲ ಗಂಟುಗಂಟು, ರೆಕ್ಕೆ ಇಲ್ಲ. ನೋಡಿದವರು ಬೇರೆ ಬೇರೆ ಗಿಡದ್ದು ಎಂದೇ ಹೇಳುತ್ತಾರೆ. ಆದರೆ ಎರಡೂ ಒಂದೇ ಹೂವಿನಿಂದ ಬಂದವು. ಡೈಸಿ ಅಂದರೆ ಒಂದು ಹೂ ಅಲ್ಲ, ಸೂರ್ಯಕಾಂತಿ, ಸೇವಂತಿಗೆಗಳ ಹಾಗೆ ನೂರಾರು ಪುಟ್ಟ ಹೂಗಳ ಗೊಂಚಲು. ನಡುವಿನ ಗುಂಡಿಯಲ್ಲಿರುವ ಹೂಗಳಿಂದ ರೆಕ್ಕೆಯ ಬೀಜ, ಸುತ್ತಲಿನ ಎಸಳಿನ ಹೂಗಳಿಂದ ಕಡ್ಡಿ ಬೀಜ. ಈ ಗಿಡದ ಹೆಸರು ಡೈಮಾರ್ಫೋಥೀಕಾ. ಎರಡು ರೂಪದ ಬೀಜ ಎಂಬ ಅರ್ಥ ಆ ಹೆಸರಿನಲ್ಲೇ ಇದೆ. ಹಾಗಾಗಿ ನೀವು ಕಲಬೆರಕೆ ಅಂದುಕೊಂಡದ್ದು, ನಿಮಗೆ ಸರಿಯಾದ ಬೀಜವೇ ಸಿಕ್ಕಿದೆ ಅನ್ನೋದಕ್ಕೆ ಗುರುತು.

ರೆಕ್ಕೆ ಬೀಜ ಬೇಗ ಮೊಳೆಯುತ್ತದೆ. ಕಡ್ಡಿ ಬೀಜದ ಸಿಪ್ಪೆ ದಪ್ಪ, ಅದು ನಿಧಾನ. ಎಲ್ಲ ಬೀಜ ಒಂದೇ ಮಳೆಗೆ ಮೊಳೆತು ಆಮೇಲೆ ಬರ ಬಂದರೆ ವಂಶವೇ ಹೋಗುತ್ತದೆ ಅಲ್ವಾ? ಅದಕ್ಕೆ ಗಿಡ ಮಾಡಿಕೊಂಡಿರುವ ಏರ್ಪಾಡು ಇದು. ಬಿತ್ತುವಾಗ ಎರಡನ್ನೂ ಬೆರೆಸಿಯೇ ಹಾಕಿ. ಹದಿನೈದು ದಿನವಾದರೂ ಬರದ ಬೀಜ ಸತ್ತಿದೆ ಎಂದು ಟ್ರೇ ಕೊಡವಬೇಡಿ.

ಈಗ ತಿಂಗಳಿನ ವಿಷಯ. ಡೈಮಾರ್ಫೋಥೀಕಾದ ತವರು ದಕ್ಷಿಣ ಆಫ್ರಿಕಾದ ವಾಯವ್ಯ ಮೂಲೆಯ ನಮಕ್ವಾಲ್ಯಾಂಡ್. ವರ್ಷದ ಬಹುಪಾಲು ಒಣ ಬೆಂಗಾಡು. ಅಲ್ಲಿ ಮಳೆ ಬರುವುದು ಚಳಿಗಾಲದಲ್ಲಿ, ಅದೂ ಕಡಿಮೆ. ಬೇಸಿಗೆಯ ಸುಡು ಬಿಸಿಲಿನಲ್ಲಿ ಬೀಜ ಮರಳಿನಲ್ಲಿ ಸುಮ್ಮನೆ ಬಿದ್ದಿರುತ್ತದೆ. ಬಿಸಿಲು ಇಳಿದು ಮೊದಲ ಮಳೆ ಬಿದ್ದಾಗ ಮೊಳೆಯುತ್ತದೆ. ತಣ್ಣನೆಯ ರಾತ್ರಿ, ಒಣ ಗಾಳಿ, ನಿಚ್ಚಳ ಬಿಸಿಲಿನಲ್ಲಿ ಬೆಳೆಯುತ್ತದೆ. ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಮೈಲಿಗಟ್ಟಲೆ ನೆಲ ಕಿತ್ತಳೆಯಾಗುತ್ತದೆ. ಆಮೇಲೆ ಮತ್ತೆ ಸೆಕೆ ಏರುವ ಹೊತ್ತಿಗೆ ಬೀಜ ಉದುರಿಸಿ ಸಾಯುತ್ತದೆ.

ಇಂಥ ಕಾಲ ನಮ್ಮ ಬಯಲುಸೀಮೆಯಲ್ಲಿ ಯಾವಾಗ ಸಿಗುತ್ತದೆ? ದಸರೆಯಿಂದ ಶಿವರಾತ್ರಿಯವರೆಗೆ ಮಾತ್ರ. ಬೆಂಗಳೂರಿನಲ್ಲಿ ಡಿಸೆಂಬರ್, ಜನವರಿಯ ರಾತ್ರಿ 15, 16 ಡಿಗ್ರಿಗೆ ಇಳಿಯುತ್ತದೆ, ಹಗಲು 27ರ ಆಸುಪಾಸು, ಮಳೆ ಇಲ್ಲ. ಈ ಗಿಡಕ್ಕೆ ಇದು ತವರಿನ ಹವೆ.

ಪ್ಯಾಕೆಟ್‌ನವರು ಸುಳ್ಳು ಹೇಳಿದರೇ ಅಂದರೆ ಅದೂ ಇಲ್ಲ. ಆ ಸೂಚನೆ ಯುರೋಪಿನ ತೋಟಕ್ಕೆ ಸರಿ. ಅಲ್ಲಿ ಚಳಿಗಾಲದ ಹಿಮಕ್ಕೆ ಗಿಡ ಸುಟ್ಟುಹೋಗುತ್ತದೆ. ಅದಕ್ಕೆ ವಸಂತದಲ್ಲಿ ಬಿತ್ತಿ ತಂಪಾದ ಬೇಸಿಗೆಯಲ್ಲಿ ಹೂ ನೋಡುತ್ತಾರೆ. ಆ ಮಾತನ್ನು ಹಾಗೇ ಇಲ್ಲಿಗೆ ತಂದರೆ ವಸಂತ ಅಂದರೆ ಯುಗಾದಿ ಆಗುತ್ತದೆ, ಏಪ್ರಿಲ್ ಬಿಸಿಲು ಬರುತ್ತದೆ. ಈ ಬೀಜ ಚೆನ್ನಾಗಿ ಮೊಳೆಯುವುದು ಮಣ್ಣು 18ರಿಂದ 21 ಡಿಗ್ರಿ ಇರುವಾಗ. ಬಾಲ್ಕನಿಯ ಕುಂಡದ ಮಣ್ಣು ಏಪ್ರಿಲ್ ಮಧ್ಯಾಹ್ನ ಅದಕ್ಕಿಂತ ಎಷ್ಟು ಜಾಸ್ತಿ ಕಾದಿರುತ್ತದೆ ಅಂತ ಕೈಯಿಟ್ಟು ನೋಡಿದವರಿಗೆ ಗೊತ್ತು. ನಿಮ್ಮ ಮೊದಲ ಸೋಲಿಗೆ ಕಾರಣ ಅಷ್ಟೇ.

ಜೂನ್‌ನದ್ದು ಬೇರೆ ಕಥೆ. ಮಳೆ ಬಿದ್ದು ಮಣ್ಣು ತಣ್ಣಗಾಗಿತ್ತು, ಅದಕ್ಕೇ ಚೆನ್ನಾಗಿ ಮೊಳೆಯಿತು. ಆಮೇಲೆ ಬಂದದ್ದು ಸಸಿ ಸಾಯುವ ರೋಗ. ಮಲಗಿದ ಸಸಿಯೊಂದನ್ನು ಕಿತ್ತು ಬುಡ ನೋಡಿದ್ದರೆ ತಿಳಿಯುತ್ತಿತ್ತು: ಎಲೆ ಇನ್ನೂ ಹಸಿರು, ಆದರೆ ಮಣ್ಣಿಗೆ ತಾಗಿದ ಜಾಗದಲ್ಲಿ ಕಾಂಡ ದಾರದಷ್ಟು ಸಣಕಲಾಗಿ, ನೀರಲ್ಲಿ ನೆನೆದ ಹಾಗೆ ಕಂದಾಗಿರುತ್ತದೆ. ಪಿಥಿಯಮ್, ರೈಜೋಕ್ಟೋನಿಯಾ ಎಂಬ ಬೂಷ್ಟುಗಳ ಕೆಲಸ ಇದು. ಮಣ್ಣಿನಲ್ಲಿ ಯಾವಾಗಲೂ ಇರುತ್ತವೆ. ಮೋಡ ಕವಿದು, ಮಣ್ಣು ಆರದೆ, ಸಸಿ ಒತ್ತೊತ್ತಾಗಿ ನಿಂತರೆ ಒಂದೇ ರಾತ್ರಿಯಲ್ಲಿ ಟ್ರೇ ಖಾಲಿ ಮಾಡುತ್ತವೆ. ಮಲಗಿದ ಸಸಿ ನೋಡಿ ನೀರು ಸಾಲದೇನೋ ಅಂತ ಮನೆಯವರು ಇನ್ನೊಂದು ಚೊಂಬು ಹಾಕುತ್ತಾರೆ, ಉಳಿದದ್ದೂ ಹೋಗುತ್ತದೆ. ನರ್ಸರಿ ಕೆಲಸ ಶುರು ಮಾಡಿದ ಹೊಸದರಲ್ಲಿ ನಾನೂ ಒಂದು ಆಗಸ್ಟ್‌ನಲ್ಲಿ ಹೀಗೆ ಹನ್ನೆರಡು ಟ್ರೇ ಕಳೆದುಕೊಂಡಿದ್ದೇನೆ. ಆ ಬೆಳಿಗ್ಗೆ ನಿಮಗೆ ಹೇಗನಿಸಿರಬಹುದು ಅಂತ ನನಗೆ ಗೊತ್ತು.

ಇನ್ನು ಹೂ ಅರಳದಿರುವುದು. ಇದು ರೋಗವಲ್ಲ, ಗೊಬ್ಬರದ ಕೊರತೆಯೂ ಅಲ್ಲ. ಈ ಹೂವಿಗೆ ನೇರ ಬಿಸಿಲು ಬಿದ್ದರೆ ಮಾತ್ರ ಬಾಯಿ ಬಿಡುವ ಸ್ವಭಾವ. ಬೆಳಿಗ್ಗೆ ಹತ್ತು, ಹತ್ತೂವರೆಗೆ ಅರಳಿ ಸಂಜೆ ನಾಲ್ಕರ ಹೊತ್ತಿಗೆ ಮುಚ್ಚುತ್ತದೆ. ಮೋಡವಾದರೆ ಇಡೀ ದಿನ ಮುಚ್ಚಿಯೇ ಇರುತ್ತದೆ. ಇದರ ಬಿಳಿ ಬಣ್ಣದ ಅಕ್ಕನೊಂದಿದೆ, ಡೈಮಾರ್ಫೋಥೀಕಾ ಪ್ಲೂವಿಯಾಲಿಸ್. 'ಮಳೆಯ' ಎಂಬ ಅರ್ಥದ ಹೆಸರೇ ಅದಕ್ಕಿದೆ. ಆ ಹೂ ಮುಚ್ಚಿಕೊಂಡರೆ ಮಳೆ ಬರುತ್ತದೆ ಅನ್ನುವ ಲೆಕ್ಕ. ನಿಮ್ಮ ಆರು ಗಿಡಗಳು ಆಗಸ್ಟ್‌ನ ಮೋಡದ ಕೆಳಗೆ ಅದನ್ನೇ ಮಾಡುತ್ತಿವೆ. ಉದ್ದುದ್ದ ಬೆಳೆದಿರುವುದೂ ಬಿಸಿಲು ಹುಡುಕಿಕೊಂಡೇ.

ಬಾಲ್ಕನಿಯ ಬಗ್ಗೆ ನಿಮಗೊಂದು ಒಳ್ಳೆಯ ಸುದ್ದಿ ಹೇಳಬೇಕು. ದಕ್ಷಿಣದ ಬಾಲ್ಕನಿಗೆ ಬಿಸಿಲು ಕಡಿಮೆ ಅಂತ ನೀವು ತೀರ್ಮಾನ ಮಾಡಿದ್ದು ಜೂನ್, ಜುಲೈನಲ್ಲಿ ನೋಡಿ. ಬೆಂಗಳೂರಿನಲ್ಲಿ ನೆತ್ತಿಯ ಸೂರ್ಯ ನೆರಳೇ ಇಲ್ಲದ ಹಾಗೆ ನಿಲ್ಲುವುದು ವರ್ಷಕ್ಕೆ ಎರಡು ಸಲ, ಏಪ್ರಿಲ್ 24 ಮತ್ತು ಆಗಸ್ಟ್ 18ರ ಸುಮಾರಿಗೆ. ಈ ಎರಡರ ನಡುವೆ ಮಧ್ಯಾಹ್ನದ ಸೂರ್ಯ ನಮಗೆ ಉತ್ತರದಲ್ಲಿರುತ್ತಾನೆ, ದಕ್ಷಿಣದ ಬಾಲ್ಕನಿಗೆ ಮನೆಯೇ ನೆರಳು. ಆಗಸ್ಟ್ 18 ಕಳೆದ ಮೇಲೆ ಅವನು ದಕ್ಷಿಣಕ್ಕೆ ವಾಲುತ್ತಾ ಹೋಗುತ್ತಾನೆ. ಡಿಸೆಂಬರ್‌ನಲ್ಲಿ ಎಷ್ಟು ವಾಲಿರುತ್ತಾನೆಂದರೆ ಮೇಲಿನ ಸಜ್ಜಾ ಇದ್ದರೂ ಅದರ ಕೆಳಗಿನಿಂದ ಬಿಸಿಲು ಒಳಗೆ ನಾಲ್ಕೈದು ಅಡಿ ಬರುತ್ತದೆ. ಎದುರಿಗೆ ಎತ್ತರದ ಕಟ್ಟಡ ಇಲ್ಲದಿದ್ದರೆ, ನಿಮ್ಮ ಬಾಲ್ಕನಿ ಈ ಹೂವಿಗೆಂದೇ ಕಟ್ಟಿಸಿದ ಹಾಗಿದೆ. ಉತ್ತರದ ಬಾಲ್ಕನಿಯವರಿಗೆ ಇದು ತಿರುಗಾಮುರುಗಾ. ಅವರು ಚಳಿಗಾಲದಲ್ಲಿ ಇದನ್ನು ಹಾಕಿ ಬೇಜಾರಾಗುವುದು ಬೇಡ.

ಒಂದು ಮಾತು ಮುಂಚೆಯೇ ಹೇಳಿಬಿಡುತ್ತೇನೆ. ಹೂಗಳು ಬೆಳಕಿನ ಕಡೆ ಮುಖ ಮಾಡುತ್ತವೆ. ಬಾಲ್ಕನಿಯಲ್ಲಿ ಇಟ್ಟರೆ ರಸ್ತೆಯವರಿಗೆ ಹೂ, ಒಳಗಿರುವ ನಿಮಗೆ ಹೂವಿನ ಬೆನ್ನು. ಮತ್ತೆ, ಬೆಳಿಗ್ಗೆ ಎಂಟಕ್ಕೆ ಕೆಲಸಕ್ಕೆ ಹೋಗಿ ಸಂಜೆ ಆರಕ್ಕೆ ಬರುವವರಾದರೆ ಭಾನುವಾರ ಬಿಟ್ಟು ಅರಳಿದ ಹೂ ನೋಡಲು ಸಿಗುವುದಿಲ್ಲ. ಅಂಥವರಿಗೆ ನಾನು ಆಸ್ಟರ್ ಹೇಳುತ್ತೇನೆ. ಅದರ ವಿಷಯ ಆಮೇಲೆ.

ಈ ಸಲ ಹೇಗೆ ಹಾಕುವುದು ಹೇಳುತ್ತೇನೆ. ಬೆಂಗಳೂರಿನಲ್ಲಿ ಸೆಪ್ಟೆಂಬರ್, ಅಕ್ಟೋಬರ್ ಎರಡೂ ಜೋರು ಮಳೆಯ ತಿಂಗಳೇ. ಆದ್ದರಿಂದ ಎರಡು ದಾರಿ ಇವೆ.

ಮೊದಲನೆಯದು, ಅಕ್ಟೋಬರ್ ಮೊದಲ ವಾರ ಪ್ರೋಟ್ರೇಯಲ್ಲಿ, ಅಂದರೆ ಸಾಲುಸಾಲು ಗುಳಿಗಳಿರುವ ಸಸಿ ಟ್ರೇಯಲ್ಲಿ ಹಾಕಿ, ಮಳೆ ಹೊಡೆಯದ ಆದರೆ ಬೆಳಕಿರುವ ಕಡೆ ಇಡುವುದು. ಒಂದು ಗುಳಿಗೆ ಎರಡು ಬೀಜ, ಮೇಲೆ ಚಪಾತಿ ದಪ್ಪದಷ್ಟು ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಸಾಕು. ಹಿಂದಿನ ರಾತ್ರಿ ನೆನೆಸಬೇಕು ಅಂತ ತುಂಬ ಜನ ಹೇಳುತ್ತಾರೆ. ಹುರುಳಿಕಾಯಿಗೆ, ಹೀರೆಕಾಯಿಗೆ ಮಾಡುವ ಕೆಲಸ ಅದು. ಈ ತೆಳು ಬೀಜ ನೆನೆದರೆ ಒಂದಕ್ಕೊಂದು ಅಂಟಿ ಮುದ್ದೆಯಾಗುತ್ತದೆ, ಬೂಷ್ಟಿಗೂ ಅನುಕೂಲ. ನೆನೆಸಬೇಡಿ. ಎಂಟರಿಂದ ಹದಿನೈದು ದಿನದಲ್ಲಿ ಮೊಳಕೆ. ಮೊಳಕೆ ಕಂಡ ದಿನವೇ ಟ್ರೇಯನ್ನು ಪೂರ್ತಿ ಬೆಳಕಿಗೆ ತನ್ನಿ. ನೀರು ಬೆಳಿಗ್ಗೆ ಮಾತ್ರ, ಮೇಲಿನ ಪದರ ಬಣ್ಣ ತಿರುಗಿದ ಮೇಲೆ. ಡೈಸಿ ಸಸಿಯನ್ನು ಕಿತ್ತು ನೆಟ್ಟರೆ ಬದುಕುವುದಿಲ್ಲ ಅನ್ನುವುದು ಅರ್ಧ ನಿಜ. ಬೇರು ಅಲುಗಿದರೆ ಇದು ಸೊರಗುತ್ತದೆ. ಆದರೆ ಪ್ರೋಟ್ರೇಯಿಂದ ಬೇರಿನ ಗಡ್ಡೆ ಸಮೇತ, ನಾಲ್ಕೈದು ಎಲೆ ಇರುವಾಗಲೇ ನೆಟ್ಟರೆ ಗೊತ್ತೂ ಆಗುವುದಿಲ್ಲ. ತಡ ಮಾಡಿ, ಬೇರು ಟ್ರೇಯಲ್ಲಿ ಸುತ್ತಿಕೊಂಡ ಮೇಲೆ ನೆಟ್ಟರೆ ಗಿಡ ಕುಳ್ಳಾಗಿ, ಎರಡು ಹೂ ಬಿಟ್ಟು ಮುಗಿಯುತ್ತದೆ.

ಎರಡನೆಯದು, ದೀಪಾವಳಿ ಹೊತ್ತಿಗೆ ಮಳೆಯ ಆರ್ಭಟ ಇಳಿದ ಮೇಲೆ ನೇರವಾಗಿ ಮಣ್ಣಿಗೇ ಹಾಕುವುದು. ಗೇಟಿನ ಪಕ್ಕದ ಪಟ್ಟಿಗೆ ನಾನು ಇದನ್ನೇ ಹೇಳುತ್ತೇನೆ. ಬೇರು ಅಲುಗದ ಕಾರಣ ಗಿಡ ಗಟ್ಟಿಯಾಗಿ, ತಗ್ಗಾಗಿ, ತುಂಬಿಕೊಂಡು ಬರುತ್ತದೆ. ಅಪಾಯ ಎರಡು. ಒಂದು ಜೋರು ಮಳೆ ಬಂದರೆ ಹಗುರವಾದ ಬೀಜ ತೇಲಿ ಮೂಲೆ ಸೇರುತ್ತದೆ. ಇನ್ನೊಂದು ಇರುವೆ. ಹಾಕಿದ ಸಂಜೆಗೇ ಸಾಲು ಕಟ್ಟಿ ಹೊತ್ತೊಯ್ಯುತ್ತವೆ. ಬೀಜವನ್ನು ಎರಡು ಪಾಲು ಮಾಡಿ, ಹತ್ತು ದಿನದ ಅಂತರದಲ್ಲಿ ಹಾಕಿ. ಒಂದು ಪಾಲು ಹೋದರೂ ಇನ್ನೊಂದು ಉಳಿಯುತ್ತದೆ. ಹತ್ತಡಿ ಪಟ್ಟಿಗೆ ಎರಡು ಸಾಲು, ಗಿಡದಿಂದ ಗಿಡಕ್ಕೆ ಒಂದು ಗೇಣು. ಅಂದರೆ ಕೊನೆಗೆ ಉಳಿಯಬೇಕಾದದ್ದು ಇಪ್ಪತ್ತಾರು ಗಿಡ. ಮಿಕ್ಕಿದ್ದನ್ನು ಕಿತ್ತುಹಾಕಲು ಮನಸ್ಸು ಬರುವುದಿಲ್ಲ, ಗೊತ್ತು. ಆದರೆ ಒತ್ತಾಗಿ ಬಿಟ್ಟರೆ ಜೂನ್‌ನ ಕಥೆಯೇ ಮತ್ತೆ. ಕೀಳುವ ಬದಲು ಕತ್ತರಿಯಲ್ಲಿ ಬುಡಕ್ಕೆ ಕತ್ತರಿಸಿ, ಪಕ್ಕದ ಬೇರು ಅಲುಗದು.

ಮಣ್ಣಿನ ವಿಷಯದಲ್ಲಿ ನಮ್ಮ ಜನ ಗಿಡದ ಮೇಲಿನ ಪ್ರೀತಿಯಿಂದಲೇ ಅದನ್ನು ಕೆಡಿಸುತ್ತಾರೆ. ಹೂ ಬರಲಿಲ್ಲ ಅಂದ ಕೂಡಲೇ ಸಗಣಿ ನೀರು, ಯೂರಿಯಾ, ಎಪ್ಸಮ್ ಉಪ್ಪು. ಮರಳು ನೆಲದಲ್ಲಿ ಹುಟ್ಟಿದ ಗಿಡ ಇದು. ಸಾರಜನಕ ಜಾಸ್ತಿ ಸಿಕ್ಕರೆ ಸೊಪ್ಪಿನ ಹಾಗೆ ಎಲೆ ಬಿಟ್ಟು ಕುಳಿತುಬಿಡುತ್ತದೆ. ಕುಂಡಕ್ಕೆ ಒಂದು ಪಾಲು ಕೆಮ್ಮಣ್ಣು, ಒಂದು ಪಾಲು ಮರಳು, ಒಂದು ಪಾಲು ಕೋಕೋಪೀಟ್, ಅರ್ಧ ಪಾಲು ಎರೆಗೊಬ್ಬರ. ಎಂ-ಸ್ಯಾಂಡ್ ಆದರೆ ದೂಳು ಹೋಗುವಂತೆ ತೊಳೆಯಿರಿ, ಇಲ್ಲದಿದ್ದರೆ ಸಿಮೆಂಟಿನ ಹಾಗೆ ಗಟ್ಟಿಯಾಗುತ್ತದೆ. ಕೋಕೋಪೀಟ್ ಇಟ್ಟಿಗೆಯನ್ನೂ ನೆನೆಸಿ ಎರಡು ಸಲ ಹಿಂಡಿ ಬಳಸಿ, ಅದರಲ್ಲಿ ಉಪ್ಪಿರುತ್ತದೆ. ಹತ್ತಿಂಚಿನ ಕುಂಡಕ್ಕೆ ಮೂರು ಗಿಡ. ಅಡಿಯ ತೂತಿಗೆ ಹೆಂಚಿನ ಚೂರು, ಮತ್ತು ಕುಂಡದ ಕೆಳಗಿನ ತಟ್ಟೆಯಲ್ಲಿ ನೀರು ನಿಲ್ಲದ ಹಾಗೆ ನೋಡಿಕೊಳ್ಳಿ. ನೆಲದಲ್ಲಿರುವ ಗಿಡಕ್ಕೆ ಮೇಲುಗೊಬ್ಬರ ಬೇಡವೇ ಬೇಡ. ಕುಂಡದಲ್ಲಿ ನೀರಿನ ಜೊತೆ ಸಾರ ಇಳಿದುಹೋಗುವುದರಿಂದ, ಮೊಗ್ಗು ಕಂಡ ಮೇಲೆ ಹದಿನೈದು ದಿನಕ್ಕೊಮ್ಮೆ ಸಾರಜನಕ, ರಂಜಕ, ಪೊಟ್ಯಾಷ್ ಮೂರೂ ಸಮನಾಗಿರುವ 19-19-19 ಗೊಬ್ಬರವನ್ನು ಲೀಟರಿಗೆ 1 ಗ್ರಾಂನಂತೆ ಕೊಡಬಹುದು.

ಸಸಿ ಸಾಯುವ ರೋಗಕ್ಕೆ ಔಷಧಿ ಕೇಳುತ್ತೀರಿ ಅಂತ ಗೊತ್ತು. ಟ್ರೈಕೋಡರ್ಮಾ ಅನ್ನುವುದು ಈ ರೋಗದ ಬೂಷ್ಟನ್ನು ತಡೆಯುವ ಒಳ್ಳೆಯ ಬೂಷ್ಟು. ಅದರ ಪುಡಿಯನ್ನು ಒಂದು ಕೆ.ಜಿ. ಎರೆಗೊಬ್ಬರಕ್ಕೆ 10 ಗ್ರಾಂ ಬೆರೆಸಿ, ಒದ್ದೆ ಗೋಣಿಚೀಲ ಹೊದಿಸಿ ನೆರಳಲ್ಲಿ ಒಂದು ವಾರ ಇಟ್ಟು ಆಮೇಲೆ ಮಣ್ಣಿಗೆ ಸೇರಿಸಿ. ಇದು ತಡೆಯುತ್ತದೆ, ಬಂದ ರೋಗವನ್ನು ವಾಸಿ ಮಾಡುವುದಿಲ್ಲ. ರೋಗ ಶುರುವಾಗಿಬಿಟ್ಟರೆ ಮಲಗಿದ ಸಸಿಯನ್ನು ಸುತ್ತಲಿನ ಮಣ್ಣಿನ ಸಮೇತ ತೆಗೆದು, ಕಾಪರ್ ಆಕ್ಸಿಕ್ಲೋರೈಡ್ ಎಂಬ ತಾಮ್ರದ ಔಷಧಿಯನ್ನು ಲೀಟರಿಗೆ 3 ಗ್ರಾಂ ಕಲಸಿ ಬುಡಕ್ಕೆ ಸುರಿಯಬಹುದು. ಎರಡನ್ನೂ ಒಟ್ಟಿಗೆ ಬಳಸಬೇಡಿ. ತಾಮ್ರದ ಔಷಧಿ ಟ್ರೈಕೋಡರ್ಮಾವನ್ನೂ ಕೊಲ್ಲುತ್ತದೆ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ನಾನಾದರೆ ತಾಮ್ರದ ಗೊಡವೆಗೇ ಹೋಗದೆ, ಇನ್ನೊಂದು ಟ್ರೇ ಹಾಕುತ್ತೇನೆ. ನಿಜವಾದ ಔಷಧಿ ಗಾಳಿ ಮತ್ತು ಬಿಸಿಲು.

ಅಕ್ಟೋಬರ್ ಮೊದಲ ವಾರದ ಬೀಜಕ್ಕೆ ಡಿಸೆಂಬರ್ ಶುರುವಿನಲ್ಲಿ ಹೂ. ಬಾಡಿದ ಹೂವನ್ನು ತೊಟ್ಟಿನ ಸಮೇತ ಕಿತ್ತರೆ ಫೆಬ್ರವರಿ ಕೊನೆಯವರೆಗೂ ಬರುತ್ತಿರುತ್ತದೆ. ಮೊಗ್ಗಿನ ಕೆಳಗೆ ಹೇನು ಕಟ್ಟಿದರೆ ಬೆಳಿಗ್ಗೆ ನೀರಿನ ಪಿಚಕಾರಿ ಹೊಡೆದು ತೊಳೆಯಿರಿ, ಬಹಳಷ್ಟು ಸಲ ಅಷ್ಟೇ ಸಾಕು. ಮಾರ್ಚ್ ಸೆಕೆಗೆ ಗಿಡ ಕಂದಾಗುತ್ತದೆ. ಆಗ ಉಳಿಸಲು ಒದ್ದಾಡಬೇಡಿ, ಅದರ ಆಯಸ್ಸೇ ಅಷ್ಟು. ಕಿತ್ತ ಗಿಡವನ್ನು ಮಾತ್ರ ಬೀದಿ ಹಸುವಿನ ಮುಂದೆ ಹಾಕಬೇಡಿ. ಈ ಕುಲದ ಕೆಲವು ಗಿಡಗಳಲ್ಲಿ ಸಯನೈಡ್ ಬಿಡುವ ಅಂಶವಿದೆ, ದನಕರುಗಳಿಗೆ ಅಪಾಯ.

ಬೇರೆ ಊರಿನವರೂ ಕೇಳುತ್ತಿರುತ್ತಾರೆ. ಮೈಸೂರು, ಹಾಸನದವರಿಗೆ ಇದೇ ಲೆಕ್ಕ. ಧಾರವಾಡ, ಗದಗದ ಕಡೆ ಎರೆ ಮಣ್ಣು ನೀರು ಹಿಡಿದಿಡುತ್ತದೆ, ಅರ್ಧ ಅಡಿ ಎತ್ತರದ ಪಾತಿ ಮಾಡಿ, ಮರಳು ಧಾರಾಳವಾಗಿ ಬೆರೆಸಬೇಕು. ಕಲಬುರಗಿ, ಬಳ್ಳಾರಿಯಲ್ಲಿ ನವೆಂಬರ್‌ನಲ್ಲಿ ಹಾಕಿ, ಫೆಬ್ರವರಿ ಮಧ್ಯಕ್ಕೇ ಮುಗಿಯುತ್ತದೆ ಅಂತ ತಿಳಿದೇ ಹಾಕಿ. ಕರಾವಳಿಯವರಿಗೆ ನಾನು ಇದನ್ನು ಹೇಳುವುದಿಲ್ಲ. ಅಲ್ಲಿಯ ರಾತ್ರಿಯ ಸೆಕೆ, ಗಾಳಿಯ ತೇವ ಇದಕ್ಕೆ ಒಗ್ಗುವುದಿಲ್ಲ.

ಡೈಸಿ ಹೆಸರಿನ ಬೇರೆ ಪ್ಯಾಕೆಟ್‌ಗಳೂ ಸಿಗುತ್ತವೆ. ಸ್ವಾನ್ ರಿವರ್ ಡೈಸಿ ಆಸ್ಟ್ರೇಲಿಯಾದ್ದು, ಪುಟ್ಟ ನೀಲಿ ಹೂ, ತೂಗುಕುಂಡಕ್ಕೆ ಚೆಂದ. ಲಿವಿಂಗ್‌ಸ್ಟನ್ ಡೈಸಿಗೆ ರಸ ತುಂಬಿದ ದಪ್ಪ ಎಲೆ, ನೀರು ಇನ್ನೂ ಕಡಿಮೆ ಸಾಕು. ಎರಡರ ಬೀಜವೂ ತುಂಬ ಸಣ್ಣ. ಕಾಲ ಮಾತ್ರ ಅದೇ, ದಸರೆಯಿಂದ. ನರ್ಸರಿಯಲ್ಲಿ ಆಫ್ರಿಕನ್ ಡೈಸಿ ಅಂತ ಕುಂಡದಲ್ಲಿ ಮಾರುವ ನೇರಳೆ, ಗುಲಾಬಿ ಬಣ್ಣದ ಗಿಡ ಹೆಚ್ಚಾಗಿ ಓಸ್ಟಿಯೋಸ್ಪರ್ಮಮ್. ಅದು ಹತ್ತಿರದ ಸಂಬಂಧಿ, ಆದರೆ ಬಹುವಾರ್ಷಿಕ, ಸಾಮಾನ್ಯವಾಗಿ ಕಡ್ಡಿ ನೆಟ್ಟು ಬೆಳೆಸುತ್ತಾರೆ. ಅದರ ಫೋಟೋ ನೋಡಿ ಈ ಬೀಜ ತಂದರೆ ಬೇರೆಯೇ ಹೂ ಬರುತ್ತದೆ.

ಮಳೆಗಾಲದಲ್ಲೂ ಡೈಸಿಯಂಥ ಹೂ ಬೇಕೇ ಬೇಕು ಅಂದರೆ ಆಸ್ಟರ್ ಹಾಕಿ. ಕೋಲಾರ, ಚಿಕ್ಕಬಳ್ಳಾಪುರದ ರೈತರು ಹಾರಕ್ಕೆ ಬೆಳೆಯುವ ಅದೇ ಚೈನಾ ಆಸ್ಟರ್. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಕಾಮಿನಿ, ಪೂರ್ಣಿಮಾ, ಶಶಾಂಕ್ ತಳಿಗಳು ನಮ್ಮ ಹವೆಗೆ ಪಳಗಿದವು. ಮೋಡವಿದ್ದರೂ ಮುಚ್ಚುವುದಿಲ್ಲ, ಸಂಜೆಯೂ ಅರಳಿರುತ್ತದೆ. ಎರಡು ಎಚ್ಚರ: ಬೀಜ ಬೇಗ ಸತ್ವ ಕಳೆದುಕೊಳ್ಳುತ್ತದೆ, ಹೋದ ವರ್ಷದ್ದು ಕೊಳ್ಳಬೇಡಿ. ಮತ್ತೆ ಒಂದೇ ಮಣ್ಣಿನಲ್ಲಿ ಮತ್ತೆ ಮತ್ತೆ ಹಾಕಿದರೆ ಸೊರಗು ರೋಗ ಹಿಡಿಯುತ್ತದೆ, ಜಾಗ ಬದಲಿಸುತ್ತಿರಿ.

ಈಗಿರುವ ಆರು ಗಿಡಗಳನ್ನು ತಾರಸಿಯ ಅತಿ ಹೆಚ್ಚು ಬಿಸಿಲಿನ ಮೂಲೆಗೆ ಸಾಗಿಸಿ. ಮೋಡ ಸರಿದ ಒಂದು ಮಧ್ಯಾಹ್ನ ಹನ್ನೆರಡಕ್ಕೆ ಹೋಗಿ ನೋಡಿ, ಅರಳಿರುತ್ತವೆ. ಉಳಿದ ಬೀಜವನ್ನು ಪ್ಯಾಕೆಟ್ ಸಮೇತ ಗಾಳಿಯಾಡದ ಡಬ್ಬಿಯಲ್ಲಿ ಒಣಗಿದ ಜಾಗದಲ್ಲಿಡಿ. ಸೆಪ್ಟೆಂಬರ್ ಮಧ್ಯದಲ್ಲಿ ಹತ್ತು ರೆಕ್ಕೆ ಬೀಜ ಎಣಿಸಿ, ಒದ್ದೆ ಟಿಶ್ಯೂ ಕಾಗದದಲ್ಲಿ ಮಡಚಿ ಮುಚ್ಚಳದ ಡಬ್ಬಿಯಲ್ಲಿಟ್ಟು ಎರಡು ವಾರ ಕಾಯಿರಿ. ಆರು ಮೊಳೆತರೆ ಹೊಸ ಪ್ಯಾಕೆಟ್ ಬೇಡ. ಮೂರೋ ನಾಲ್ಕೋ ಮೊಳೆತರೆ ಗುಳಿಗೆ ಎರಡರ ಬದಲು ನಾಲ್ಕು ಬೀಜ ಹಾಕಿ. ಒಂದೂ ಬರಲಿಲ್ಲ ಅಂದರೆ ಮಾತ್ರ ಹೊಸದು ತನ್ನಿ, ಟ್ರೇ ತುಂಬಲು ಅಕ್ಟೋಬರ್‌ನಲ್ಲಿ ಇನ್ನೂ ದಿನವಿರುತ್ತದೆ.